ಹಸಿರು ದಾರ

"ಈ ಹಸಿರು ದಾರ ಯಾವ ಭಾಷೆಯೋರದು?" ಸಾಹೇಬರು ಗೋಡೆಯತ್ತ ಬಗ್ಗಿ ಕೇಳಿದರು.

ಟೀಚರಿಗೆ ಹಿಗ್ಗೋ ಹಿಗ್ಗು. ಈ ಸರ್ಕಾರಿ ಶಿಶುವಿಹಾರದ ಗೋಡೆಯನ್ನು ಮೇಲಿನವರೊಬ್ಬರು ಕಣ್ಣೆತ್ತಿ ನೋಡಿದ್ದು ಹನ್ನೆರಡು ವರ್ಷದಲ್ಲಿ ಇದೇ ಮೊದಲು. ಗೋಡೆಯ ಮೇಲೆ ಟೀಚರೇ ಬರೆದ ಊರಿನ ನಕ್ಷೆ, ಸುತ್ತ ಇಪ್ಪತ್ತು ಮಕ್ಕಳ ಫೋಟೋ, ಒಂದೊಂದು ಫೋಟೋದಿಂದ ಆ ಮಗುವಿನ ಮನೆಯವರೆಗೂ ಗುಂಡುಸೂಜಿಗೆ ಸುತ್ತಿ ಎಳೆದ ದಾರ. ಮನೆಮಾತಿಗೊಂದು ಬಣ್ಣ, ಒಟ್ಟು ಐದು. ದಿನಾ ಹಾಜರಿಯಾದ ಮೇಲೆ ಟೀಚರ್ ಒಂದು ಮಗುವಿನ ಹೆಸರು ಕೂಗುತ್ತಾರೆ. ಆ ಮಗು ಎದ್ದುಬಂದು ದಾರದ ಮೇಲೆ ಬೆರಳೋಡಿಸಿ ತನ್ನ ಮನೆ ಮುಟ್ಟಬೇಕು. ಮುಟ್ಟಿದರೆ ಟೀಚರಿಂದ ಒಂದು 'ಜಾಣೆ', ಉಳಿದವರಿಂದ ಚಪ್ಪಾಳೆ.

"ಸೇತುವೆಯಾಚೆಯೋರು ಸಾರ್, ಇಟ್ಟಿಗೆ ಕೆಲಸಕ್ಕೆ ಬಂದೋರು. ಒಂಬತ್ತು ಮಕ್ಕಳು."

"ಭೇಷ್! ರಿಜಿಸ್ಟರಲ್ಲಿ ಬರೀ ಸೇತುವೆಯಾಚೆ ಅಂತಿದೆ. ಇಲ್ಲಿ ನೋಡಿ, ಮನೆಮನೆ ಗೊತ್ತಾಗತ್ತೆ. ನಾಳೆ ಇದರ ಫೋಟೋ ತೆಗೆಸ್ತೀನಿ."

ಜೀಪು ಹೋದ ಮೇಲೆ ಆಯಾ ಮಲಗಿದ್ದ ಮಕ್ಕಳ ನಡುವೆ ಕಾಲಿಡುತ್ತ ಬಂದಳು.

"ಎರಡು ಮಾತು ಹೊಗಳಿದ್ದಕ್ಕೆ ಪೂರಿ ಥರ ಉಬ್ಬಿದ್ರಲ್ಲ, ಮಿಕ್ಕ ನಾಲ್ಕು ಬಣ್ಣ ಯಾರದು ಅಂತ ಕೇಳಿದ್ರಾ ಅವರು? ಹೋದ ತಿಂಗಳು ರೈಲ್ವೆ ಗೇಟಿನ ಹತ್ರಾನೂ ಸರ್ಕಾರದೋರು ಹೀಗೇ ನಗ್ತಾ ಬಂದು ಮನೆಗಳ್ನ ಬರ್ಕೊಂಡು ಹೋದ್ರು. ಮೂರನೇ ದಿನ ಈ ಹಸಿರು ದಾರದ ಭಾಷೆಯೋರನ್ನೆಲ್ಲ ಲಾರಿಗೆ ತುಂಬಿದ್ರು. ನಾನೇ ಕಣ್ಣಾರೆ ನೋಡಿದೀನಿ. ಎಲ್ಲಿಗೆ ಹೋದ್ರೋ, ಇವತ್ತಿಗೂ ಸುದ್ದಿಯಿಲ್ಲ."

ಟೀಚರು ಗೋಡೆಯ ಹಸಿರು ದಾರಗಳತ್ತ ತಿರುಗಿದರು. ಇಪ್ಪತ್ತು ಮಕ್ಕಳಾಗದಿದ್ದರೆ ಶಾಲೆ ಮುಚ್ಚುವುದೆಂದು ಆದೇಶ ಬಂದಾಗ ಊರಲ್ಲಿ ಸಿಕ್ಕಿದ್ದು ಹನ್ನೊಂದೇ. ಸೇತುವೆ ದಾಟಿ, ಬಾಗಿಲು ತೆರೆಯಲೂ ಹೆದರುವ ಒಂಬತ್ತು ಮನೆ ಅಲೆದು, "ಹೆಸರು ಬರೆಸಿದ್ರೆ ಏನೂ ಆಗಲ್ಲ, ನಾನಿದ್ದೀನಿ" ಎಂದು ಮಾತು ಕೊಟ್ಟವರು ಅವರೇ. ಶಾಲೆ ಉಳಿಯಿತು.

ಮಕ್ಕಳು ಹೋದ ಮೇಲೆ ಅವರು ಹಸಿರು ದಾರಗಳನ್ನೆಲ್ಲ ಕಿತ್ತರು, ಸೂಜಿಗಳನ್ನೂ ಬಿಡಲಿಲ್ಲ. ಆಮೇಲೆ ಒಂದೇ ಉಸಿರಿಗೆ ಸೇತುವೆ ದಾಟಿ ಒಂಬತ್ತು ಮನೆಗೂ ಹೋಗಿ, ಇವತ್ತೇ ಬೇರೆಡೆಗೆ ಹೊರಟುಬಿಡಿ ಎಂದು ಹೇಳಿದರು. ಆ ಒಂಬತ್ತು ಮಕ್ಕಳಲ್ಲಿ ಒಬ್ಬಳು ಶಾಲೆಯಲ್ಲೇ ಎಲ್ಲರಿಗಿಂತ ಚಿಕ್ಕವಳಾದ್ದರಿಂದ ಅವಳಿಗೆ ಆಯಾ ಚಿಟಿಕೆ ಎಂದು ಹೆಸರಿಟ್ಟಿದ್ದಳು. ಚಿಟಿಕೆಯ ತಾಯಿ ನಕ್ಕು ಕುಡಿಯಲು ನೀರು ಕೊಟ್ಟಳು.

"ಹೋಗೋದಾದ್ರೂ ಎಲ್ಲಿಗೆ ಅಕ್ಕಾ? ನೀವೇ ಅಂದಿದ್ರಲ್ಲ, ಏನೂ ಆಗಲ್ಲ ಅಂತ. ನೀವಿದ್ದೀರಲ್ಲ."

ಆ ನಗುವಿಗಿಂತ ನಾಲ್ಕು ಬೈಗುಳವೇ ವಾಸಿಯಿತ್ತು ಎನ್ನಿಸಿತು ಟೀಚರಿಗೆ.

ಮರುದಿನ ಒಂಬತ್ತೂ ಮಕ್ಕಳು ಬಂದವು. ಹಾಜರಿ ಮುಗಿಯುವ ಹೊತ್ತಿಗೆ ಸಾಹೇಬರೂ ಬಂದರು, ಜೊತೆಗೆ ಇಬ್ಬರು. ಅವರ ಬಳಿ ಕ್ಯಾಮೆರಾ ಇರಲಿಲ್ಲ. ಒಬ್ಬನ ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆಯಿತ್ತು.

"ದಾರ ಎಲ್ಲಿ?"

"ಮಕ್ಕಳು ಕಿತ್ತುಬಿಟ್ರು ಸಾರ್."

"ಹಸಿರು ಮಾತ್ರ?" ಸಾಹೇಬರು ನಕ್ಕರು. ಹಲಗೆ ಹಿಡಿದವನು ಮುಂದಿನ ಸಾಲಿನಲ್ಲಿದ್ದ ಚಿಟಿಕೆಯ ಎದುರು ಕುಕ್ಕರುಗಾಲಲ್ಲಿ ಕೂತ. "ಪುಟ್ಟಿ, ನಿಮ್ಮನೆ ಎಲ್ಲಿದೆ, ತೋರಿಸ್ತೀಯಾ?"

ಮಗು ಹಿಂದಕ್ಕೆ ಸರಿಯಿತು. ಹೊಸಬರೆಂದರೆ ಅದಕ್ಕೆ ಮೊದಲಿನಿಂದಲೂ ಅಂಜಿಕೆ. ಅದು ಗೋಡೆಯನ್ನು ನೋಡಿತು, ಟೀಚರನ್ನು ನೋಡಿತು.

"ಚಿಟಿಕೆ!" ಟೀಚರು ತಡೆಯಲಾರದೆ ಕೂಗಿದರು.

ದಿನಾ ಕೂಗುತ್ತಿದ್ದದ್ದೂ ಹಾಗೆಯೇ. ಮಗುವಿನ ಮುಖ ಅರಳಿತು. ಟೀಚರು ಹೆಜ್ಜೆ ಕೀಳುವಷ್ಟರಲ್ಲಿ ಅದು ಗೋಡೆಯ ಹತ್ತಿರ ಓಡಿ, ತುದಿಗಾಲಲ್ಲಿ ನಿಂತು, ತನ್ನ ಫೋಟೋದ ಮೇಲೆ ಬೆರಳಿಟ್ಟಿತು. ದಾರ ಇರಲಿಲ್ಲ. ಬೆರಳು ಒಂದು ಗಳಿಗೆ ತಡವರಿಸಿ, ಸೂಜಿ ಕಿತ್ತ ತೂತು ಹುಡುಕಿಕೊಂಡು ಸೇತುವೆ ದಾಟಿತು. ಇಟ್ಟಿಗೆ ಗೂಡನ್ನು ಬಳಸಿ ಎರಡನೇ ಓಣಿಗೆ ತಿರುಗಿ, ನೀರಿನ ತೊಟ್ಟಿಯ ಪಕ್ಕದ ಮನೆಯ ಮೇಲೆ ನಿಂತಿತು. ಹಲಗೆಯವನು ಬರೆದುಕೊಂಡ.

ಉಳಿದ ಹತ್ತೊಂಬತ್ತು ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದವು. ಚಿಟಿಕೆ ಬೆರಳನ್ನು ಮನೆಯ ಮೇಲಿಂದ ತೆಗೆಯದೆ, ಕತ್ತು ತಿರುಗಿಸಿ, ಟೀಚರು ಜಾಣೆ ಅನ್ನಲೆಂದು ಕಾಯುತ್ತ ನಿಂತಳು.