ಶ್ರೀಶೈಲನ ಸಿಗಡಿ, ಗುರವ್ವನ ಬೇಳೆ

೧

ಈ ಕಥೆಯನ್ನು ಸಿಗಡಿಯಿಂದ ಶುರು ಮಾಡಬೇಕೋ, ಶ್ರೀಶೈಲನ ಕಾಲ್ಬೆರಳಿನಿಂದಲೋ?

ಮೊದಲ ಡ್ರಾಫ್ಟು ಹೀಗಿತ್ತು: 'ನೂರು ಗ್ರಾಂ ಬೇಯಿಸಿದ ಸಿಗಡಿಯಲ್ಲಿ ಸುಮಾರು ನೂರು ಕ್ಯಾಲರಿ ಇರುತ್ತದೆ, ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಅದನ್ನೇ ಹಿಟ್ಟಿನಲ್ಲಿ ಅದ್ದಿ ಕರಿದರೆ ಕ್ಯಾಲರಿ ಎರಡು ಪಟ್ಟು ದಾಟುತ್ತದೆ.' ಓದಿದ ಗೆಳತಿ, ಇದು ಕಥೆಯಲ್ಲ, ಬಿಸ್ಕೀಟು ಪೊಟ್ಟಣದ ಹಿಂಬದಿ ಎಂದಳು. ಹರಿದು ಹಾಕಿದೆ. (ಹರಿದು ಹಾಕಿದೆ ಎನ್ನುವುದು ಶೋಕಿಯ ಮಾತು. ಬ್ಯಾಕ್‌ಸ್ಪೇಸ್ ಒತ್ತಿ ಹಿಡಿದೆ, ಅಷ್ಟೇ.)

ಇನ್ನೊಂದು ವಿಷಯ, ಓದುಗರೇ. ನಾನು ಸಿಗಡಿ ತಿಂದವಳಲ್ಲ, ಜೀವಂತ ಸಿಗಡಿಯನ್ನು ಕಂಡವಳೂ ಅಲ್ಲ. ಗೂಗಲ್‌ನಲ್ಲಿ ನೋಡಿದೆ, ಅದಕ್ಕೆ ಮೀಸೆ ಇದೆ. ಮೀಸೆ ಇರುವ ತಿಂಡಿಯ ಬಗ್ಗೆ ಬರೆಯುವ ಧೈರ್ಯ ಎಲ್ಲಿಂದ ಬಂತು ಎಂದು ಕೇಳಬೇಡಿ. ಯುದ್ಧ ಕಾಣದವರೇ ಯುದ್ಧದ ಬಗ್ಗೆ ದಪ್ಪ ಪುಸ್ತಕ ಬರೆದಿದ್ದಾರೆ, ನನ್ನದು ಒಂದು ಪ್ಲೇಟು.

೨

ಶ್ರೀಶೈಲನ ಪರಿಚಯ ಮಾಡಿಕೊಡುತ್ತೇನೆ. ವಯಸ್ಸು ಐವತ್ತು ದಾಟಿದೆ, ಊರು ಮಸೂತಿ, ಮುದ್ದೇಬಿಹಾಳದ ಮಾರ್ಕೆಟ್ ಯಾರ್ಡಿನಲ್ಲಿ ತೊಗರಿ ವ್ಯಾಪಾರ. ಹಣೆಯ ಮೇಲೆ ವಿಭೂತಿ. ಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತುವಂತಿಲ್ಲ. ಇಂಥವನು ಪ್ರತಿ ಗುರುವಾರ ಯಾರ್ಡಿನ ಕೆಲಸ ಮುಗಿಸಿ ಮಹಮ್ಮದಹನೀಫನ ರೆಸ್ಟೋರೆಂಟಿಗೆ ಹೋಗಿ, ಫ್ಯಾಮಿಲಿ ಕ್ಯಾಬಿನ್ನಿನ ಪರದೆ ಎಳೆದುಕೊಂಡು, ಒಬ್ಬನೇ ಕುಳಿತು ಒಂದು ಪ್ಲೇಟು ಜಿಂಗಾ ಫ್ರೈ ತಿನ್ನುತ್ತಾನೆ. ಜಿಂಗಾ ಎಂದರೆ ಅದೇ ನಮ್ಮ ಮೀಸೆಯ ಸಿಗಡಿ.

ಆ ಕ್ಯಾಬಿನ್ನುಗಳಲ್ಲಿ ಫ್ಯಾಮಿಲಿ ಕುಳಿತದ್ದನ್ನು ಹನೀಫ ಇದುವರೆಗೆ ಕಂಡಿಲ್ಲ. ಪ್ರತಿ ಪರದೆಯ ಹಿಂದೆಯೂ ಒಬ್ಬೊಬ್ಬನೇ ಗಂಡಸು, ಗಂಭೀರವಾಗಿ ಜಗಿಯುತ್ತಿರುತ್ತಾನೆ. ತಿಂದಾದ ಮೇಲೆ ನಿಂಬೆಹಣ್ಣಿನಿಂದ ಕೈ ತಿಕ್ಕಿ, ಎಲೆ ಅಡಿಕೆ ಹಾಕಿಕೊಂಡು, ದೇವಸ್ಥಾನದಿಂದ ಹೊರಬಿದ್ದವರ ಮುಖ ಮಾಡಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆಯುತ್ತಾರೆ.

ಮುದ್ದೇಬಿಹಾಳವೇ ಏಕೆ? ಬಸವನ ಬಾಗೇವಾಡಿಯಲ್ಲಿ ಹೆಜ್ಜೆಗೊಬ್ಬ ಪರಿಚಯದವನು ಸಿಗುತ್ತಾನೆ. ಸಿಂದಗಿಯಲ್ಲಿ ಮಗಳನ್ನು ಕೊಟ್ಟ ಬೀಗರಿದ್ದಾರೆ. ಇಂಡಿ ತಾಲೂಕಿನ ಹೊರ್ತಿ ಹೆಂಡತಿಯ ತವರು. ಆ ಕಡೆ ಎಲ್ಲಿ ಸೀನಿದರೂ ಮಸೂತಿಗೆ ಫೋನ್ ಹೋಗುತ್ತದೆ. ಹೀಗೆ ಶ್ರೀಶೈಲನ ಭೂಪಟದಲ್ಲಿ ಸಿಗಡಿಗೆ ಉಳಿದ ಜಾಗ ಮುದ್ದೇಬಿಹಾಳ ಒಂದೇ.

೩

ಒಂದು ಬೆಳಗ್ಗೆ ಅವನ ಬಲಗಾಲಿನ ಹೆಬ್ಬೆರಳು ಬದನೆಕಾಯಿಯಂತೆ ಊದಿಕೊಂಡಿತು. ರಕ್ತ ಪರೀಕ್ಷೆ ಮಾಡಿಸಿದರೆ ಯೂರಿಕ್ ಆ್ಯಸಿಡ್ ಜಾಸ್ತಿ, ಮಾಂಸ, ಮೀನು, ಕಾಳು ಹೆಚ್ಚಾದರೆ ಏರುತ್ತದೆ ಎನ್ನುವಂಥದ್ದು. ಡಾಕ್ಟರು ಗುಳಿಗೆ ಬರೆದು, ಊಟದ ಪಥ್ಯ ಕೇಳಿಕೊಳ್ಳಲು ಡಯಟಿಷಿಯನ್ ವರದಾಳ ಹತ್ತಿರ ಕಳಿಸಿದರು. ವರದಾ ವೈಷ್ಣವರ ಹುಡುಗಿ, ಮನೆಯಲ್ಲಿ ಮರಾಠಿ, ಕ್ಲಿನಿಕ್ಕಿನಲ್ಲಿ ಕನ್ನಡ. ಸಿಗಡಿಯನ್ನು ನನ್ನಂತೆಯೇ ಚಿತ್ರದಲ್ಲಿ ಕಂಡವಳು.

ವಾರವಿಡೀ ಏನೇನು ತಿನ್ನುತ್ತೀರಿ ಎಂದು ವರದಾ ಕೇಳಿದಳು. ಪಕ್ಕದ ಕುರ್ಚಿಯಲ್ಲಿ ಹೆಂಡತಿ ಗುರವ್ವ ಕುಳಿತಿದ್ದಳು. ಎಡವಟ್ಟಾದದ್ದು ಇಲ್ಲೇ. ರೊಟ್ಟಿ, ಪಲ್ಯ, ಬೇಳೆ, ಶೇಂಗಾ ಚಟ್ನಿ, ಮೊಸರು ಎಂದ ಶ್ರೀಶೈಲ. ಹೊರಗೆ? ಗುರುವಾರ ಒಂದಿಷ್ಟು ಮೆಣಸಿನಕಾಯಿ ಬಜಿ ಎಂದ. ಮೀನು, ಮಾಂಸ ಏನಾದರೂ ಎಂದು ಅವಳು ಮುಂದೆ ಕೇಳಬೇಕಿತ್ತು, ಕೇಳಲಿಲ್ಲ. ವಿಭೂತಿ ಹಚ್ಚಿದ ಹಿರಿಯರನ್ನು ಅವರ ಹೆಂಡತಿಯ ಎದುರಿನಲ್ಲಿ ಹಾಗೆ ಕೇಳುವುದು ನಮ್ಮ ಕಡೆ ಬೈದದ್ದಕ್ಕೆ ಸಮ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಹಾಗೆ ಅಪವಾದವೆಲ್ಲ ಬೇಳೆಯ ತಲೆಗೆ ಬಂತು. ತೊಗರಿ, ಹೆಸರು, ಕಡಲೆ, ಶೇಂಗಾ ಎಲ್ಲ ಬಂದ್ ಎಂದಳು ವರದಾ.

(ತೊಗರಿ ವ್ಯಾಪಾರಿಯ ಮನೆಯಲ್ಲೇ ತೊಗರಿ ಬಂದ್. ಇದನ್ನು ನಾನು ಬೇಕೆಂದೇ ಹೊಂದಿಸಿದೆ ಎಂದುಕೊಳ್ಳಬೇಡಿ. ಆ ಸೀಮೆಯಲ್ಲಿ ಯಾರನ್ನು ಎತ್ತಿಕೊಂಡರೂ ಜೊತೆಗೆ ನಾಲ್ಕು ಕಾಳು ತೊಗರಿ ಉದುರುತ್ತದೆ.)

೪

ಇಷ್ಟು ಬರೆಯುವಷ್ಟರಲ್ಲಿ ಶ್ರೀಶೈಲ ಕಥೆ ಬಿಟ್ಟು ಕುಂಟುತ್ತ ನನ್ನ ಮೇಜಿನ ಹತ್ತಿರ ಬಂದ.

"ಅಕ್ಕೋರ, ಕ್ಯಾಲರಿ ಬರಿಯಾಕಿ ನೀವ. ಒಂದೀಟು ಕಡಿಮಿ ಬರೀರಲಾ. ನಿಮ್ದೇನು ಹೋಗತೈತಿ?"

ಕಥೆಯಲ್ಲಿ ಮನುಷ್ಯನನ್ನು ಹಾರಿಸಬಹುದು, ಸತ್ತವರನ್ನು ಎಬ್ಬಿಸಿ ಚಹಾ ಕುಡಿಸಬಹುದು, ಎಣ್ಣೆಯಲ್ಲಿ ಕರಿದದ್ದರ ಕ್ಯಾಲರಿ ಇಳಿಸಲು ಬರುವುದಿಲ್ಲ ಎಂದೆ. ಸಿಗಡಿ ಪಾಪದ್ದು, ಅದರಲ್ಲಿ ಇರುವುದು ಹೆಚ್ಚಾಗಿ ಪ್ರೋಟೀನು. ಹನೀಫ ಅದಕ್ಕೆ ತೊಡಿಸುವ ಮೈದಾ ಹಿಟ್ಟಿನ ಸ್ವೆಟರು ಎಣ್ಣೆ ಕುಡಿಯುತ್ತದೆ. ಕೊಲೆಸ್ಟ್ರಾಲ್ ಮಾತ್ರ ಸಿಗಡಿಯ ಸ್ವಂತದ್ದು. ಬೆರಳಿನ ಉರಿಯಲ್ಲೂ ಅದರ ಪಾಲಿದೆ. ಇಷ್ಟು ಹೇಳಿದ ಮೇಲೂ ಅವನು ಅಲ್ಲಾಡಲಿಲ್ಲ. ನೀರಿನಲ್ಲಿ ಬೆಳೆದದ್ದೆಲ್ಲ ಕಾಯಿಪಲ್ಯದ ಲೆಕ್ಕವೇ, ಕಮಲದ ದಂಟು ತಿನ್ನುವುದಿಲ್ಲವೇ ಎಂದು ನನ್ನನ್ನೇ ಕೇಳಿದ.

ಹಿಂದೆಯೇ ಹನೀಫನೂ ಬಂದ. (ನಾನು ಕರೆದಿರಲಿಲ್ಲ. ನನ್ನ ಪಾತ್ರಗಳಿಗೆ ಬಾಗಿಲು ತಟ್ಟುವ ರೂಢಿ ಇಲ್ಲ.) ಹಿಟ್ಟು ತೆಳ್ಳಗೆ ಹಚ್ಚಿದರೆ ಪ್ಲೇಟು ಬೋಳು ಕಾಣುತ್ತದೆ, ಗಿರಾಕಿ ಜಗಳಕ್ಕೆ ನಿಲ್ಲುತ್ತಾನೆ, ಈ ಕಡೆಯವರಿಗೆ ಬಜಿಯ ಹಾಗೆ ಉಬ್ಬದಿದ್ದರೆ ಅದು ಕರಿದದ್ದೇ ಅಲ್ಲ ಎಂದು ದೂರಿದ. ಇಬ್ಬರನ್ನೂ ವಾಪಸ್ ಎರಡನೆಯ ಭಾಗಕ್ಕೆ ಅಟ್ಟಿದೆ.

೫

ಇಲ್ಲಿಯವರೆಗೆ ತಮಾಷೆಯಾಗಿಯೇ ಇತ್ತು.

ಗುರವ್ವನನ್ನು ನಾನು ಪಕ್ಕದ ಕುರ್ಚಿ ತುಂಬಲೆಂದು ತಂದಿದ್ದೆ. ಅವಳು ನನ್ನನ್ನು ಒಂದು ಮಾತೂ ಕೇಳದೆ, ಗಂಡನಿಗೆ ಬೇಡವಾದದ್ದು ತನಗೂ ಬೇಡ, ಅವನ ಬೆರಳಿನ ಬಾವು ಇಳಿಯುವತನಕ ಬೇಳೆ, ಶೇಂಗಾ ಮುಟ್ಟುವುದಿಲ್ಲ ಎಂದು ದೇವರ ಮುಂದೆ ಹೇಳಿಕೊಂಡುಬಿಟ್ಟಿದ್ದಾಳೆ. ತಿಂಗಳುಗಳೇ ಕಳೆದಿವೆ. ರೊಟ್ಟಿ, ಮೆಂತ್ಯ ಸೊಪ್ಪು, ನೀರು ಮಜ್ಜಿಗೆ, ಇಷ್ಟೇ ಅವಳ ಊಟ. ಮೊಸರೆಲ್ಲ ಗಂಡನ ತಾಟಿಗೆ. ಕೈಯೆತ್ತಿದರೆ ಬಳೆ ಮೊಣಕೈಯವರೆಗೆ ಜಾರುತ್ತವೆ. ಮೊನ್ನೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ತಲೆ ತಿರುಗಿ ಗೋಡೆ ಹಿಡಿದು ಕುಳಿತಳಂತೆ. ನೆರೆಮನೆಯ ಶೇವಂತೆವ್ವ ಬಂದು ಎಬ್ಬಿಸಿದಳು.

ನನಗೆ ಸಿಟ್ಟು ಬಂತು. ಗುರುವಾರ ಪರದೆಯ ಹಿಂದೆ ಒಬ್ಬನ ಹೊಟ್ಟೆಗೆ ಪ್ಲೇಟುಗಟ್ಟಲೆ ಪ್ರೋಟೀನು ಇಳಿಯುತ್ತದೆ. ಅದರಿಂದ ಊದಿದ ಬೆರಳಿಗಾಗಿ ಇನ್ನೊಬ್ಬಳು ಬೇಳೆ ಬಿಟ್ಟು ಸೊರಗುತ್ತಾಳೆ. ಕರಿದ ಸಿಗಡಿಯ ಪೌಷ್ಟಿಕಾಂಶದ ಪಟ್ಟಿಯಲ್ಲಿ ಇದನ್ನು ಎಲ್ಲಿ ಸೇರಿಸಲಿ?

ತಡೆಯಲಾಗದೆ ನಾನೇ ಕಥೆಯೊಳಗೆ ಹೊಕ್ಕು, ಕುಕ್ಕರಿಗೆ ಒಂದು ಬಟ್ಟಲು ತೊಗರಿಬೇಳೆ ಹಾಕಲು ಹೋದೆ. ಗುರವ್ವ ನನ್ನ ಕೈಯಿಂದ ಬಟ್ಟಲು ಇಸಿದುಕೊಂಡಳು.

"ಕಥಿ ನಿಮ್ದಿರಬಹುದ್ರಿ ಅಕ್ಕೋರ. ಅಡಗಿಮನಿ ನಂದು."

ಹೊರಗೆ ಬಂದೆ.

೬

ಮುಗಿಸುವ ದಾರಿ ಹುಡುಕಿದೆ.

ಮೊದಲನೆಯದು: ಬಾವು ತಾನಾಗಿಯೇ ಇಳಿಯುತ್ತದೆ. (ಮತ್ತೆ ಗುರುವಾರ ಬರುತ್ತದೆ. ಸುಖವಿಲ್ಲ.)

ಇನ್ನೊಂದು: ಹನೀಫನಿಗೆ ಕರಾವಳಿಯಿಂದ ಸಿಗಡಿಯ ಐಸ್ ಪೆಟ್ಟಿಗೆ ಬರುವುದು ನಿಂತುಹೋಗುತ್ತದೆ. ಶ್ರೀಶೈಲ ಅದೇ ಪರದೆಯ ಹಿಂದೆ ಚಿಕನ್ನಿಗೆ ಬಡ್ತಿ ಪಡೆಯುತ್ತಾನೆ. (ಛೆ.)

ಮತ್ತೊಂದು: ಒಂದು ಸಿಗಡಿ ಪ್ಲೇಟಿನಿಂದ ಎದ್ದು, ಮೈದಾ ಸ್ವೆಟರು ಕಳಚಿಟ್ಟು, ಮಸೂತಿಯ ಬಸ್ಸು ಹತ್ತಿ, ಗುರವ್ವನಿಗೆ ನಿಜ ಹೇಳಲು ಹೊರಡುತ್ತದೆ. ಇದನ್ನು ಬರೆಯುವಾಗ ಬಹಳ ಖುಷಿಯಾಯಿತು. ಆದರೆ ಇದಕ್ಕೆ ಹಾಫ್ ಟಿಕೆಟ್ಟೋ ಲಗೇಜೋ ಎಂದು ಕಂಡಕ್ಟರ್ ತಕರಾರು ತೆಗೆದ, ಹೆಣ್ಣಾದರೆ ಫ್ರೀ ಎಂದು ಹಿಂದಿನ ಸೀಟಿನವರು ಕೂಗಿದರು, ಬಸ್ಸು ಅಲ್ಲೇ ನಿಂತುಹೋಯಿತು. ನಿಜ ಹೇಳುವ ಕೆಲಸವನ್ನು ಸಿಗಡಿಗೆ ವಹಿಸಿದ್ದೇ ತಪ್ಪು.

೭

ಹಾಗಾಗಿ ಶ್ರೀಶೈಲನನ್ನೇ ಮನೆಗೆ ಕಳಿಸಿದೆ.

ಗುರುವಾರ ಸಂಜೆ. ಬಾಯಲ್ಲಿ ಎಲೆ ಅಡಿಕೆ. ಅಂಗಳದಲ್ಲಿ ಉಗುಳಿ ಒಳಗೆ ಬಂದು ಊಟಕ್ಕೆ ಕುಳಿತ. ಗುರವ್ವ ಮೊಸರು ಬಡಿಸಲು ಬಾಗಿದಳು, ಬಳೆ ಜಾರಿ ಸೌಟಿಗೆ ಬಡಿದು ಮೊಸರು ತಾಟಿನ ಹೊರಗೆ ಬಿತ್ತು. ಅವನು ಅವಳ ಕೈಯನ್ನೇ ನೋಡಿದ. (ಇದನ್ನು ನಾನು ಬರೆಯಲಿಲ್ಲ, ಅವನೇ ನೋಡಿದ.)

"ಗುರವ್ವಾ, ನಾಳಿಂದ ಬ್ಯಾಳಿ ಮಾಡು. ನೀನೂ ಉಣ್ಣು."

"ನಿಮ್ಮ ಕಾಲ್ಬಟ್ಟಿನ ಬಾವು ಇನ್ನಾ ಇಳದಿಲ್ಲಲ್ಲರಿ."

"ಅದರಾಗ ಬ್ಯಾಳಿದೇನೂ ತಪ್ಪಿಲ್ಲ."

"ಮತ್ತ ಯಾರ್ದೈತಿ?"

ಶ್ರೀಶೈಲ ತಲೆಯೆತ್ತಿ ಚಾವಣಿ ನೋಡಿದ. ಅಂದರೆ ನನ್ನನ್ನು ನೋಡಿದ. ನನ್ನ ಹತ್ತಿರ ಒಳ್ಳೆಯ ಸುಳ್ಳುಗಳು ತಯಾರಿದ್ದವು. ವರದಾಳ ಚಾರ್ಟು ಬೇರೆ ಯಾರದೋ ಆಗಿತ್ತು ಅನ್ನಬಹುದಿತ್ತು. ಡಾಕ್ಟರು ಹೊಸ ಗುಳಿಗೆ ಕೊಟ್ಟು ಎಲ್ಲ ತಿನ್ನಿರಿ ಎಂದರು ಅನ್ನಬಹುದಿತ್ತು. ಯಾವುದನ್ನು ಕೊಟ್ಟರೂ ನಾಳೆ ಕುಕ್ಕರ್ ಕೂಗುತ್ತಿತ್ತು, ಗುರವ್ವನ ಮೈಗೆ ಶಕ್ತಿ ಬರುತ್ತಿತ್ತು. ಕೊಟ್ಟುಬಿಡೋಣವೆಂದು ನನಗೂ ಆಸೆಯಾಯಿತು. ಕೊಡಲಿಲ್ಲ. ಕೀಬೋರ್ಡಿನಿಂದ ಕೈ ತೆಗೆದೆ.

"ಅಕ್ಕೋರ," ಎಂದ ಮೆಲ್ಲಗೆ, ಮೇಲೆ ನೋಡುತ್ತಲೇ.

ಗುರವ್ವ ಸೌಟು ಕೆಳಗಿಟ್ಟು ಅವನ ಎದುರಿಗೆ ಕುಳಿತಳು.

"ಯಾರನ್ನ ಕರಿಯಾಕತ್ತೀರಿ? ಇಲ್ಲಿ ನಾ ಒಬ್ಬಾಕಿನ ಅದೀನಿ."