ಅಂಗೈ ಎತ್ತಿದರೆ ಎಷ್ಟು ಅಂತ

"ಬೆನ್ನು ತಿರುಗಿಸೇ! ಗಾಳ ಎಳೀತಿದ್ರೆ ಆ ದಡಕ್ಕೆ ಬೆನ್ನು ಮಾಡು ಅಂತ ಮದುವೆಯಾದಾಗಿಂದ ಬಡ್ಕೋತಿದೀನಿ," ಅಂದ ನನ್ನ ಗಂಡ ವರ್ಲಿನ್. "ನಿನ್ನ ಕೋಲು ಬಗ್ಗಿದ್ದು ಕಂಡ್ರೆ ಸಾಕು, ಆ ಕ್ಲೋವಿಸ್ ಹದ್ದಿನ ಹಾಗೆ ಬಂದು ಎರಗ್ತಾನೆ."

"ಮೀನೂ ಇಲ್ಲ ಮಣ್ಣೂ ಇಲ್ಲ, ಎಲೆ ಸಿಕ್ಕಿಹಾಕ್ಕೊಂಡಿದೆ," ಅಂದೆ.

ಮೇ ತಿಂಗಳ ಬೆಳಗ್ಗೆ. ದಕ್ಷಿಣ ಇಂಡಿಯಾನಾದಲ್ಲಿ ಬ್ಲೂಗಿಲ್ ಮೀನು ದಡದ ಹತ್ತಿರ ಮೊಟ್ಟೆಯಿಡೋ ಕಾಲ. ಒಂದೊಂದೂ ಅಂಗೈ ಅಗಲ ಇರುತ್ತೆ, ಜೋಳದ ಹಿಟ್ಟಲ್ಲಿ ಹೊರಳಿಸಿ ಬಾಣಲೆಗೆ ಹಾಕಿದರೆ ಸತ್ತವನೂ ಎದ್ದು ಕೂತು ತಟ್ಟೆ ಕೇಳಬೇಕು. ಒಬ್ಬರೇ ಕೂರೋ ಸಣ್ಣ ದೋಣಿ ಈ ಕಯಾಕು; ನಾನೊಂದರಲ್ಲಿ, ಅವನೊಂದರಲ್ಲಿ. ಕೊಳ ಎಷ್ಟು ಸಣ್ಣದು ಅಂದರೆ ಈ ದಡದಲ್ಲಿ ಸೀನಿದರೆ ಆ ದಡದವನು 'ದೇವರು ಕಾಪಾಡಲಿ' ಅನ್ನಬೇಕು. ಆ ದಡದವನು ನಮ್ಮ ಬೇಲಿಯಾಚೆಯ ಕ್ಲೋವಿಸ್. ಅವನು ಯಾವತ್ತೂ ಅನ್ನಲ್ಲ. ಕಿವಿ ಮಂದ. ಕಿವಿಗೆ ಹಾಕೋ ಯಂತ್ರ ಒಂದು ಸಲ ನೀರಿಗೆ ಬಿತ್ತು ಅಂತ, ಮೀನಿಗೆ ಬಂದಾಗ ಅದನ್ನು ಗಾಡಿಯಲ್ಲೇ ಬಿಟ್ಟು ಬರ್ತಾನೆ.

ಕಿವಿ ಇದ್ದರೂ ಅಷ್ಟೇ ಅನ್ನಿ. ಈ ಕೊಳದ ಮೇಲೆ ಯಾರೂ ಕೂಗೋ ಹಾಗಿಲ್ಲ, ಮೀನು ಬೆದರುತ್ತೆ. ಇವರಿಬ್ಬರ ಅಪ್ಪಂದಿರ ಕಾಲದ ಕಟ್ಟಳೆ ಅದು. ಮಾತೆಲ್ಲ ಕೈಯಲ್ಲೇ. ಅಂಗೈ ಬಿಚ್ಚಿ ಎತ್ತಿದರೆ 'ಎಷ್ಟು ಸಿಕ್ತು?' ಅಂತ. ಆ ಕಡೆಯವನು ಬೆರಳು ತೋರಿಸಬೇಕು. ಮುಷ್ಟಿ ಎತ್ತಿದರೆ ಸೊನ್ನೆ. ಬೆಳಗಿಂದ ನಾನು ಮುಷ್ಟಿ ಎತ್ತಿ ಎತ್ತಿ ಮುಷ್ಕರಕ್ಕೆ ಕೂತವಳ ಹಾಗೆ ಆಗಿದ್ದೆ.

"ಡೆಲ್ಫಾ," ಅಂದ ವರ್ಲಿನ್.

ದನಿ ಸರಿ ಇರಲಿಲ್ಲ. ತಿರುಗಿ ನೋಡಿದೆ. ಮುಖ ಹಿಟ್ಟು ಬಳಿದ ಹಾಗೆ ಬೆಳ್ಳಗಾಗಿತ್ತು, ಎದೆಯನ್ನು ಒತ್ತಿ ಹಿಡಿದಿದ್ದ.

"ಏನಾಯ್ತೋ?"

"ಆನೆ ಕೂತ ಹಾಗಿದೆ," ಅಂದ. ಅಷ್ಟೇ. ಕಯಾಕಿನ ಆ ಪಕ್ಕಕ್ಕೆ ವಾಲಿಬಿಟ್ಟ.

ನನ್ನ ಕಯಾಕನ್ನು ಅವನದಕ್ಕೆ ಹೇಗೆ ತಾಗಿಸಿದೆನೋ ನನಗೇ ಗೊತ್ತಿಲ್ಲ. ಎಡಗೈಯಲ್ಲಿ ಅವನ ಉಡುಪಿನ ಹೆಗಲಪಟ್ಟಿ ಹಿಡಿದು ಎಳೆದೆ. ಆ ಗಡಿಬಿಡಿಯಲ್ಲಿ ನನ್ನ ಹುಟ್ಟು ನೀರಿಗೆ ಬಿದ್ದು ತೇಲಿ ಹೋಯ್ತು, ಅವನದು ಅವನ ಭಾರದ ಕೆಳಗೆ ಸಿಕ್ಕಿಕೊಂಡಿತ್ತು. ಲೈಫ್ ಜಾಕೆಟ್? ಅದನ್ನು ಕುಂಡೆ ಕೆಳಗೆ ಹಾಕ್ಕೊಂಡು ಕೂತಿದ್ದ, ಮೆತ್ತಗಿರುತ್ತೆ ಅಂತ! ಈ ಗಂಡಸರ ಬುದ್ಧಿಗೆ ಬೆಂಕಿ ಹಾಕ. ಪಟ್ಟಿ ಬಿಟ್ಟರೆ ಅವನು ಮಗುಚಿ ತಲೆ ಕೆಳಗಾಗಿ ನೀರಿಗೆ ಹೋಗ್ತಾನೆ. ಬಿಡದೆ ಹಿಡಿದರೆ ನಾನು ಎಲ್ಲಿಗೂ ಹೋಗೋ ಹಾಗಿಲ್ಲ. ಫೋನು ದಡದಲ್ಲಿ ನಿಲ್ಲಿಸಿದ್ದ ಗಾಡಿಯಲ್ಲಿ. ಇಲ್ಲಿಂದ ಕಣ್ಣಿಗೆ ಕಾಣ್ತಿತ್ತು ಆ ಗಾಡಿ.

ಕೂಗಿದೆ. ಕಟ್ಟಳೆ ಹಾಳಾಗಿ ಹೋಗಲಿ ಅಂತ ಗಂಟಲು ಹರಿಯೋ ಹಾಗೆ ಕೂಗಿದೆ. ದಡದ ಕಪ್ಪೆಗಳೆಲ್ಲ ಸುಮ್ಮನಾದವು. ಕ್ಲೋವಿಸ್ ಮಾತ್ರ ತನ್ನ ಕಯಾಕಿನಲ್ಲಿ ಕೂತು ಬೆಂಡನ್ನೇ ನೋಡ್ತಿದ್ದ.

ಬಲಗೈ ಎತ್ತಿ ಬೀಸಿದೆ. ಅವನು ತಲೆಯೆತ್ತಿದ. ನೋಡಿದ! ಅಯ್ಯೋ ದೇವರೇ, ನೋಡಿದ ಅಂತ ಜೀವ ಬಂತು. ಅವನು ನಿಧಾನಕ್ಕೆ ಕೈಯೆತ್ತಿ ಐದು ಬೆರಳು ತೋರಿಸಿದ. ಆಮೇಲೆ ಎರಡು.

ಏಳು.

"ನಿನ್ನ ಏಳಕ್ಕೆ ಹುಳ ಬೀಳ! ಬಾರೋ ಇಲ್ಲಿ!" ಅಂತ ಇನ್ನೂ ಜೋರಾಗಿ ಕೈ ಬೀಸಿದೆ. ನನಗೆ ನಂಬಿಕೆ ಬಂದಿಲ್ಲ ಅಂದುಕೊಂಡನೋ ಏನೋ, ಮತ್ತೆ ಐದು, ಮತ್ತೆ ಎರಡು. ಆಮೇಲೆ ಮೀನು ಪೋಣಿಸಿದ್ದ ಹಗ್ಗವನ್ನೇ ನೀರಿಂದ ಎತ್ತಿ ಅಲ್ಲಾಡಿಸಿ ತೋರಿಸಿದ. ನೋಡ್ಕೋ, ಹೊಟ್ಟೆ ಉರ್ಕೋ ಅಂತ. ಮತ್ತೆ ಬೆಂಡಿನ ಕಡೆ ತಿರುಗಿಬಿಟ್ಟ.

ಅಳು ಬಂತು. ಎದುರಿಗೆ ಮನುಷ್ಯ ಕೂತಿದ್ದಾನೆ, ನಾನು ಕೈ ಬೀಸ್ತಿದ್ದೀನಿ, ಅವನು ಉತ್ತರ ಕೊಡ್ತಿದ್ದಾನೆ, ನನ್ನ ಗಂಡ ಸಾಯ್ತಿದ್ದಾನೆ. ವರ್ಲಿನ್‌ನ ತುಟಿ ನೀಲಿಗಟ್ಟಿತ್ತು. ಉಸಿರು ಬರ್ತಿತ್ತು, ನಿಲ್ತಿತ್ತು, ಮತ್ತೆ ಬರ್ತಿತ್ತು. ನನ್ನ ಎಡಗೈ ಮರಗಟ್ಟಿತ್ತು. ಇನ್ನು ಎಷ್ಟು ಹೊತ್ತು ಹಿಡಿದಿರ್ತೀನೋ ನನಗೇ ನಂಬಿಕೆ ಇರಲಿಲ್ಲ.

"ವರ್ಲಿನ್, ಏನಾದ್ರೂ ಹೇಳೋ," ಅಂದೆ. "ಬೈಯೋ. ಬೆನ್ನು ತಿರುಗಿಸೇ ಅಂತ ಬೈಯೋ."

ಹಾಗೆ ಅಂದಾಗಲೇ ಹೊಳೀತು ನನಗೆ. ಕರೆದರೆ ಬಾರದವನು ಬಚ್ಚಿಟ್ಟರೆ ಬಂದಾನು.

ಕಾಲ ಸಂದಿಯಲ್ಲಿದ್ದ ಗಾಳದ ಕೋಲನ್ನು ಬಲಗೈಗೆ ತಗೊಂಡೆ. ಕೊಕ್ಕೆಯನ್ನು ಕಯಾಕಿನ ಪಕ್ಕದ ಪಟ್ಟಿಗೆ ಸಿಕ್ಕಿಸಿ ಕೋಲು ಎತ್ತಿದೆ. ಕುಡುಗೋಲಿನ ಹಾಗೆ ಬಗ್ಗಿತು. ಕ್ಲೋವಿಸ್ ಕಡೆಗೆ ಪೂರ್ತಿ ಬೆನ್ನು ಮಾಡಿ ಕುಗ್ಗಿ ಕೂತೆ. ಒಂದೇ ಒಂದು ಸಲ, ಕಳ್ಳ ಬೆಕ್ಕಿನ ಹಾಗೆ, ಹೆಗಲ ಮೇಲಿಂದ ಅವನ ಕಡೆ ನೋಡಿ ಥಟ್ಟನೆ ಮುಖ ತಿರುಗಿಸಿದೆ.

ಆಮೇಲೆ ನೋಡೋ ಹಾಗಿಲ್ಲ. ನೋಡಿದರೆ ಆಟ ಕೆಡುತ್ತೆ. ಬೆನ್ನ ಹಿಂದೆ ಏನಾಗ್ತಿದೆ ಗೊತ್ತಿಲ್ಲ, ಕಣ್ಣ ಮುಂದೆ ವರ್ಲಿನ್‌ನ ಮುಖ. ಕೋಲು ಸಡಿಲಿಸಿದೆ, ಮತ್ತೆ ಬಗ್ಗಿಸಿದೆ. ಬಾಯಲ್ಲಿ ಪ್ರಾರ್ಥನೆ ಬರಲಿಲ್ಲ, ಬೈಗುಳ ಬಂತು. ಬಾರೋ ದುರಾಸೆಯವನೇ, ಬಾರೋ ಹೊಟ್ಟೆಬಾಕ, ನಮ್ಮಪ್ಪ ಬಾರೋ.

ಹುಟ್ಟಿನ ಸದ್ದು ಕೇಳಿತು. ಮೊದಲು ಮೆಲ್ಲಗೆ, ಆಮೇಲೆ ಬಡಬಡನೆ.

"ಏನೇ ಡೆಲ್ಫಾ, ಅಷ್ಟು ದೊಡ್ಡದನ್ನ ಒಬ್ಬಳೇ ನುಂಗ್ಬೇಕೂಂತಿದ್ಯಾ?" ಅಂತ ಕೇಳ್ತಲೇ ಬಂದ ಕ್ಲೋವಿಸ್. ಪಕ್ಕಕ್ಕೆ ಬಂದವನು ವರ್ಲಿನ್‌ನ ನೋಡಿದ. ಬಾಯಿ ತೆರೆದಿದ್ದು ತೆರೆದ ಹಾಗೇ ಇತ್ತು.

ಎಳೆಯೋಕೆ ಹಗ್ಗ ಬೇಕಿತ್ತು. ಮೀನು ಪೋಣಿಸಿದ್ದ ಹಗ್ಗದ ಗಂಟು ಬಿಚ್ಚಿ ಜಾಡಿಸಿದ. ಏಳೂ ಮೀನು ನೀರು ಸೇರಿದವು. ಅದೇ ಹಗ್ಗವನ್ನು ವರ್ಲಿನ್‌ನ ಕಯಾಕಿನ ಮೂತಿಗೆ ಕಟ್ಟಿ, "ಬಿಡ್ಬೇಡ ಕಣಮ್ಮ, ಗಟ್ಟಿಯಾಗಿ ಹಿಡ್ಕೋ," ಅಂತ ಹೇಳಿ ಹುಟ್ಟು ಹಾಕಿದ. ಆ ಮುದುಕನ ಮೈಯಲ್ಲಿ ಅಷ್ಟು ಕಸುವು ಎಲ್ಲಿತ್ತೋ. ದಡ ಮುಟ್ಟೋ ಮುಂಚೆಯೇ ಸೊಂಟದ ತನಕ ಕೆಸರಿಗೆ ಹಾರಿ, ನಮ್ಮಿಬ್ಬರನ್ನೂ ಹುಲ್ಲಿನ ಮೇಲೆ ಎಳೆದು ಹಾಕಿದ. ನಾನು ಗಾಡಿಗೆ ಓಡಿ ಆಂಬುಲೆನ್ಸಿಗೆ ಫೋನು ಮಾಡಿದೆ. ಅದು ಬರೋ ತನಕ ಕ್ಲೋವಿಸ್ ವರ್ಲಿನ್‌ನ ತಲೆ ತೊಡೆ ಮೇಲಿಟ್ಟುಕೊಂಡು, "ಲೋ, ಹೋಗ್ಬೇಡ್ವೋ, ನಾನು ಯಾರ ಹತ್ರ ಜಂಬ ಕೊಚ್ಕೊಳ್ಳಲೋ," ಅಂತ ಅಳ್ತಿದ್ದ.

ಆಂಬುಲೆನ್ಸ್ ಬಂತು. ಮೂಗು ಬಾಯಿಗೆ ಆಮ್ಲಜನಕ ಕಟ್ಟಿ, ಸೂಜಿ ಚುಚ್ಚಿ, ಸ್ಟ್ರೆಚರಿಗೆ ಹಾಕಿದರು. "ಬದುಕ್ತಾನಾ?" ಅಂತ ಕೇಳಿದೆ. ಆಂಬುಲೆನ್ಸಿನ ಹುಡುಗಿ ನನ್ನ ಕಣ್ಣು ತಪ್ಪಿಸಿ, "ಬೇಗ ಹೊರಡ್ಬೇಕಮ್ಮ," ಅಂದಳು.

ಒಳಗೆ ತಳ್ಳುವಾಗ ವರ್ಲಿನ್ ಕಣ್ಣು ಬಿಟ್ಟ. ಹೊದಿಕೆಯ ಕೆಳಗಿಂದ ಕೈ ಮೇಲೆ ಬಂತು. ಬಿಚ್ಚಿದ ಅಂಗೈ, ನಮ್ಮ ಕಡೆಗೆ.

ನನ್ನ ಎದೆ ಒಡೆದುಹೋಯ್ತು. ಹೋಗಿಬರ್ತೀನಿ ಅಂತಿದ್ದಾನೆ, ಬೀಳ್ಕೊಡು ಅಂತಿದ್ದಾನೆ ಅಂದುಕೊಂಡೆ. "ಇಲ್ಲ, ಇಲ್ಲ ಕಣೋ, ಹಾಗೆಲ್ಲ ಮಾಡ್ಬೇಡ," ಅಂತ ಕಿರುಚಿದೆ.

ಪಕ್ಕದಲ್ಲಿ ಕೆಸರು ಸುರಿಸ್ತಾ ನಿಂತಿದ್ದ ಕ್ಲೋವಿಸ್ ಮುಷ್ಟಿ ಕಟ್ಟಿ ಮೇಲೆತ್ತಿದ. ಸೊನ್ನೆ.

ಆಗ ಅರ್ಥವಾಯ್ತು ನನಗೆ. ಆ ಅಂಗೈ ಹಾಗೇ ಕಾಯ್ತಿತ್ತು, ಈಗ ನನ್ನ ಕಡೆಗೆ. ಪಟ್ಟಿ ಹಿಡಿದು ಹಿಡಿದು ಸೆಟೆದುಹೋಗಿದ್ದ ನನ್ನ ಎಡಗೈ ಇನ್ನೂ ಬಿಚ್ಚಿರಲಿಲ್ಲ. ಕಷ್ಟಪಟ್ಟು ಅದರಲ್ಲಿ ಒಂದು ಬೆರಳು ಬಿಡಿಸಿ ಎತ್ತಿ ತೋರಿಸಿದೆ.

ಒಂದು.

ವರ್ಲಿನ್ ಆ ಬೆರಳನ್ನು ಹಿಡಿದುಕೊಂಡ. ಆ ಹುಡುಗಿ ಬಿಡಿಸೋಕೆ ನೋಡಿದಳು, ಬಿಡಲಿಲ್ಲ. "ಸರಿ, ನೀವೂ ಹತ್ತಿ," ಅಂದಳು.