ಬಿಸಿಲಿಗೆ ಸೀನುವ ಮನೆತನ

ನೋಂದಣಿ ಕಚೇರಿಯ ಒಳಗೆ ಮದುವೆ ಸದ್ದಿಲ್ಲದೆ ಮುಗಿದುಹೋಯಿತು. ಗಲಾಟೆ ಶುರುವಾದದ್ದು ಹೊರಗಿನ ಮೆಟ್ಟಿಲ ಮೇಲೆ. ಮಬ್ಬುಗತ್ತಲಿನ ಕಾರಿಡಾರಿನಿಂದ ಗಂಡಿನ ಕಡೆಯವರೆಲ್ಲ ಹೊರಬಂದು, ಎತ್ತರದವರು ಹಿಂದೆ, ಕುಳ್ಳರು ಮುಂದೆ ನಿಂತು, ಫೋಟೋದವನು "ಎಲ್ಲರೂ ಇಲ್ಲಿ ನೋಡಿ" ಎನ್ನುವಷ್ಟರಲ್ಲಿ ಮಧ್ಯಾಹ್ನದ ಬಿಸಿಲು ಮುಖಕ್ಕೆ ರಾಚಿತು. ಮೊದಲು ಮದುಮಗನ ತಾತ ಮೂಗನ್ನು ಆಕಾಶಕ್ಕೆತ್ತಿ ಸೀನಿದರು. ಅದರ ಬೆನ್ನಿಗೇ ಅಜ್ಜಿ. ಆಮೇಲೆ ದೊಡ್ಡಪ್ಪ, ದೊಡ್ಡಮ್ಮ, ಸೋದರತ್ತೆ, ಸ್ವತಃ ಮದುಮಗ, ಅವನ ತಂಗಿ, ಯಾರದೋ ಕಂಕುಳಲ್ಲಿದ್ದ ಕೂಸು. ಪಟಾಕಿ ಸರಕ್ಕೆ ಕಿಡಿ ತಾಗಿದ ಹಾಗೆ!

ಫೋಟೋದವನು ಕ್ಯಾಮೆರಾ ಇಳಿಸಿ ಹಣೆ ಚಚ್ಚಿಕೊಂಡ.

"ಸ್ವಲ್ಪ ತಡ್ಕೊಳ್ಳಿ," ಎಂದರು ಮದುಮಗನ ತಂದೆ, ಮೂಗಿನ ಮೇಲೆ ಕರವಸ್ತ್ರ ಒತ್ತಿಕೊಂಡೇ. "ನಮ್ಮನೇಲಿ ಎರಡು ರೌಂಡ್ ಇರುತ್ತೆ."

ಹೆಣ್ಣಿನ ಕಡೆ ಸಾಕ್ಷಿಯಾಗಿ ಸಹಿ ಹಾಕಿ ಆಗಷ್ಟೇ ಹೊರಬಂದಿದ್ದ ಸಂಶೋಧಕಿ ಇದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಕೈಯಲ್ಲಿದ್ದ ಹೂಗುಚ್ಛ ಯಾವಾಗ ಕೆಳಗೆ ಬಿತ್ತೋ ಅವಳಿಗೇ ತಿಳಿಯಲಿಲ್ಲ. ಮದುಮಗಳ ತೋಳು ಹಿಡಿದು ಜಗ್ಗಿ, "ಇದನ್ನ ನನಗ್ಯಾಕೆ ಮೊದಲೇ ಹೇಳ್ಲಿಲ್ಲ?" ಎಂದು ಕೇಳಿದಳು.

"ಏನನ್ನ?"

"ನಿನ್ನ ಗಂಡ ಬಿಸಿಲಿಗೆ ಸೀನ್ತಾನೆ ಅನ್ನೋದನ್ನ!"

"ಅದೂ ಒಂದು ಹೇಳೋ ವಿಷಯಾನಾ ಮಾರಾಯ್ತಿ?"

ಸಂಶೋಧಕಿಗೆ ಅದೊಂದೇ ವಿಷಯ. ಈ ಇಬ್ಬರು ಗೆಳತಿಯರು ಕೆಲಸ ಮಾಡುತ್ತಿದ್ದ ಸಂಶೋಧನಾಲಯಕ್ಕೆ ಮೂರು ಮಹಡಿ. ಕೆಳಗೆ ಟೊಮ್ಯಾಟೊ, ನಡುವೆ ಮೀನು, ಮೇಲೆ ಮನುಷ್ಯ. ಮೂರೂ ಕಡೆ ಕೆಲಸ ಒಂದೇ: ಯಾವ ಗುಣ ಯಾವ ಜೀನಿನಿಂದ ಬರುತ್ತದೆ, ತಂದೆ ತಾಯಿಯಿಂದ ಮಕ್ಕಳಿಗೆ ಹೇಗೆ ಇಳಿಯುತ್ತದೆ ಎಂದು ಹುಡುಕುವುದು. ಆದರೆ ಸುಖದಲ್ಲಿ ಅಜಗಜಾಂತರ. ಟೊಮ್ಯಾಟೊದವರು ತಮಗೆ ಬೇಕಾದ ಗಿಡಕ್ಕೆ ಬೇಕಾದ ಗಿಡದ ಪರಾಗ ಹಚ್ಚಿ ಆರಾಮಾಗಿ ಕಾಫಿ ಕುಡಿಯುತ್ತಿದ್ದರು. ಮೀನಿನವರಿಗೆ ಒಂದು ಜೋಡಿ ಮೀನು ಬೆಳಗಾಗುವಷ್ಟರಲ್ಲಿ ರಾಶಿ ಮೊಟ್ಟೆ ಇಟ್ಟುಕೊಡುತ್ತಿತ್ತು. ಮದುಮಗಳು ಅದೇ ಮಹಡಿಯವಳು. ಮನುಷ್ಯರ ಮಹಡಿಯವರದು ಮಾತ್ರ ಮನೆಮನೆಗೆ ಹೋಗಿ ಕೈಮುಗಿಯುವ ಪಾಡು.

ಕತ್ತಲಿಂದ ಬೆಳಕಿಗೆ ಬಂದೊಡನೆ ಸೀನುವವರು ಜಗತ್ತಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಈ ಸೀನಿದ್ದರೆ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಅದು ಇಳಿಯುತ್ತದೆ ಎನ್ನುವುದೂ ಗೊತ್ತಿದ್ದ ಮಾತೇ. ಈ ಮನೆತನದಲ್ಲಿ ಅದು ಡಿಎನ್‌ಎಯ ಯಾವ ತುಂಡಿನಲ್ಲಿ ಕೂತಿದೆ ಎಂದು ಹಿಡಿಯಬೇಕಾದರೆ ಮೂರು ತಲೆಮಾರು ಒಂದೇ ಕಡೆ ಸಿಗಬೇಕು. ಅಂಥ ಮನೆತನಕ್ಕಾಗಿ ಅವಳು ವರ್ಷಗಟ್ಟಲೆ ಊರೂರು ಸುತ್ತಿದ್ದಳು. ಈಗ ನೋಡಿದರೆ ಅದು ಮೆಟ್ಟಿಲ ಮೇಲೆ ಸಾಲಾಗಿ ನಿಂತು ಮೂಗು ಒರೆಸಿಕೊಳ್ಳುತ್ತಿದೆ.

ಊಟದ ಹೊತ್ತಿಗೆ ಸಂಶೋಧಕಿ ಎಲ್ಲರ ಒಪ್ಪಿಗೆ ಪಡೆದಾಗಿತ್ತು. ಮರುದಿನವೇ ಪುಟ್ಟ ಪುಟ್ಟ ಪ್ಲಾಸ್ಟಿಕ್ ನಳಿಗೆಗಳ ಪೆಟ್ಟಿಗೆ ಹೊತ್ತು ಅವರ ಮನೆ ಬಾಗಿಲಿಗೆ ಬಂದಳು. ಡಿಎನ್‌ಎ ತೆಗೆಯುವುದಕ್ಕೆ ರಕ್ತ ಬೇಡ, ಎಂಜಲು ಸಾಕು ಎಂದು ವಿವರಿಸಿದಳು.

"ಎಲ್ಲರೆದುರಿಗೆ ಉಗೀಬೇಕಾ?" ಎಂದರು ಅಜ್ಜಿ. ಅವರು ನಿವೃತ್ತ ಟೆಲಿಫೋನ್ ಆಪರೇಟರ್. ಮಾತೆಲ್ಲ ಈಗಲೂ ಅಷ್ಟು ನಯ, ಅಷ್ಟು ಸ್ಪಷ್ಟ. "ಮಕ್ಕಳಿಗೆ ಉಗೀಬೇಡಿ ಅಂತ ಹೇಳ್ಕೊಂಡೇ ಬೆಳೆಸಿದವಳು ನಾನು."

"ನನಗೇನೂ ನಾಚಿಕೆ ಇಲ್ಲ, ಕೊಡಮ್ಮ ಇಲ್ಲಿ," ಎಂದು ತಾತ ನಳಿಗೆ ಕಿತ್ತುಕೊಂಡರು. ಅವರು ರೈಲಿನ ಡ್ರೈವರ್ ಆಗಿದ್ದವರು. ಒಂದೊಂದು ಸುರಂಗ ದಾಟಿದಾಗಲೂ ಸೀನುತ್ತಿದ್ದರಂತೆ. ಜೊತೆಗಿದ್ದ ಸಹಾಯಕ ಸುರಂಗದ ಬಾಯಿ ಕಂಡೊಡನೆ "ಸಾರ್, ಬಂತು" ಎಂದು ಎಚ್ಚರಿಸುತ್ತಿದ್ದನಂತೆ. ಉಗಿಯುವುದರಲ್ಲೂ ಅವರು ಮೊದಲಿಗರಾದರು. ಬಾಯಾರಿ ಬಂದು ಉಗುಳೇ ಹುಟ್ಟದ ಹಿರಿಮಗ, ನಗು ತಡೆಯಲಾರದೆ ನಳಿಗೆಯ ಹೊರಗೇ ಉಗಿದ ಮಗಳು, ಹೀಗೆ ಸಂಜೆಯವರೆಗೆ ನಡೆದ ಆ ಕಾರ್ಯಕ್ರಮದಲ್ಲಿ ಸಂಶೋಧಕಿಗೆ 'ಉಗುಳು ಮೇಡಂ' ಎಂಬ ಬಿರುದು ಬಂತು. ಅವಳು ಅದನ್ನು ಸಂತೋಷವಾಗಿಯೇ ಒಪ್ಪಿಕೊಂಡಳು.

ಆ ಮನೆಯಲ್ಲಿ ಸೀನಿಗೆ ಒಂದು ಗತ್ತಿತ್ತು. ಸೀನುವವರು ಅಪ್ಪಟ, ಸೀನದವರು ಏನೋ ಪಾಪ. ಮುಖ್ಯವಾಗಿ, ಸೀನು ಯಾರ ಕಡೆಯಿಂದ ಬಂದದ್ದು ಎಂದು ತಾತ ಅಜ್ಜಿಯ ನಡುವೆ ಮದುವೆಯಾದಂದಿನಿಂದ ಜಗಳವಿತ್ತು. "ನಮ್ಮಪ್ಪ ಸೀನಿದ್ರೆ ಪಕ್ಕದ ಬೀದಿ ನಾಯಿ ಏಳ್ತಿತ್ತು" ಎಂದು ತಾತ. "ನಮ್ಮ ತವರಲ್ಲಿ ಸೀನದೆ ಇದ್ದವರೇ ಇಲ್ಲ" ಎಂದು ಅಜ್ಜಿ.

"ಮೇಡಂ, ನಿಮ್ಮ ಮೆಷಿನ್ನು ಇದನ್ನ ಇತ್ಯರ್ಥ ಮಾಡತ್ತಲ್ವಾ?" ಎಂದು ತಾತ ಕೇಳಿದರು.

"ಒಬ್ಬರ ಫಲಿತಾಂಶ ಇನ್ನೊಬ್ಬರಿಗೆ ಹೇಳೋ ಹಾಗಿಲ್ಲ ತಾತ. ನಿಯಮ."

"ನಿಯಮ ಇರಲಿ. ಕಿವೀಲಿ ಹೇಳು."

ಮುಂದಿನ ವಾರ ಬೆಳಕಿನ ಪರೀಕ್ಷೆ. ಉಗ್ರಾಣದ ಕಿಟಕಿಗೆ ಕಂಬಳಿ ಹೊದಿಸಿ, ಒಳಗೆ ಒಂದು ಕುರ್ಚಿ, ಅದರೆದುರು ದೊಡ್ಡ ದೀಪ ಇಟ್ಟಿದ್ದಾಯಿತು. ಒಬ್ಬೊಬ್ಬರಾಗಿ ಕತ್ತಲಲ್ಲಿ ಕಣ್ಣು ಮುಚ್ಚಿ ಕೂರಬೇಕು. ಸಂಶೋಧಕಿ ಗುಂಡಿ ಒತ್ತಿ ಹೇಳಿದಾಗ ಕಣ್ಣು ಬಿಡಬೇಕು. ಎಲ್ಲರದೂ ಮುಗಿದು ಕಡೆಗೆ ಅಜ್ಜಿ ಬಂದು ಕೂತರು. ಸೆರಗು ಸರಿಮಾಡಿಕೊಂಡು ಕಣ್ಣು ಮುಚ್ಚಿದರು. ಸಂಶೋಧಕಿ ಗುಂಡಿ ಒತ್ತಿದಳು. ಟಕ್ ಎಂದಿತು.

"ಆಕ್ಷೀ!" ಎಂದರು ಅಜ್ಜಿ. ಒಂದು ಉಸಿರು ಬಿಟ್ಟು, ಇನ್ನೂ ನಾಜೂಕಾಗಿ, "ಆಕ್ಷೀ!"

ಕತ್ತಲು ಹಾಗೇ ಇತ್ತು. ಕರೆಂಟು ಹೋಗಿತ್ತು.

ಸಂಶೋಧಕಿ ಮೆಲ್ಲಗೆ, "ಅಜ್ಜಿ, ದೀಪ ಹತ್ತಲೇ ಇಲ್ಲ" ಎಂದಳು.

"ಹತ್ಲಿಲ್ವಾ?" ಅಜ್ಜಿ ಒಂದು ಕಣ್ಣು ತೆರೆದರು. "ಅಯ್ಯೋ ನನ್ನ ಕರ್ಮವೇ."

ಅಲ್ಲಿಗೆ ಗುಟ್ಟು ರಟ್ಟಾಯಿತು. ಅಜ್ಜಿ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, ಟೆಲಿಫೋನಿನಲ್ಲಿ ಪಿಸುಗುಟ್ಟುವವರ ಹಾಗೆ ಹೇಳಿದರು. "ನಮ್ಮ ಮದುವೆ ದಿನ ಹೊರಗೆ ಬಂದ್ವಿ ನೋಡು, ಇವರು ಶುರು ಹಚ್ಕೊಂಡ್ರು. ಒಂದಲ್ಲ ಎರಡಲ್ಲ. ನೆರೆದವರೆಲ್ಲ ಕಿಸಕ್ಕಂತ ನಗೋರು. ಪಾಪ, ಮುಖ ಹೇಗಾಗಿತ್ತು ಅಂದ್ರೆ, ನೆಲ ಬಾಯ್ಬಿಟ್ರೆ ಹೋಗಿಬಿಡೋಣ ಅನ್ನೋ ಹಾಗೆ. ನನಗೆ ಏನನ್ನಿಸ್ತೋ, ನಾನೂ ಸೀನಿಬಿಟ್ಟೆ. ನಗು ನಿಂತ್ಹೋಯ್ತು. ಇವರು ನನ್ನ ಕಡೆ ಹೇಗೆ ನೋಡಿದ್ರು ಅಂತೀಯ! ಆಮೇಲೆ ಬಿಡೋದು ಹೇಗೆ? ಮಾರನೇ ದಿನ ಬಿಸಿಲಿಗೆ ಬಂದ್ರೆ ಮತ್ತೆ ಸೀನ್ಬೇಕು. ಅದರ ಮಾರನೇ ದಿನಾನೂ. ಹೀಗೇ ಮುದುಕಿ ಆಗ್ಬಿಟ್ಟೆ ಕಣಮ್ಮ."

"ಮತ್ತೆ ತವರಿನ ಕಡೆಯವರು?"

"ಒಬ್ರೂ ಸೀನಲ್ಲ. ಶುದ್ಧ ಸುಳ್ಳು. ಜಗಳಕ್ಕೆ ಒಂದು ಸುಳ್ಳು ಬೇಕಲ್ಲ. ನಿನ್ನ ಲೆಕ್ಕದಲ್ಲಿ ಸೀನಲ್ಲ ಅಂತಲೇ ಬರ್ಕೋ. ಅವರಿಗೆ ಮಾತ್ರ ಹೇಳ್ಬೇಡ."

ಸಂಶೋಧಕಿ ಮಾತು ಕೊಟ್ಟಳು. ಬಸ್ಸಿನಲ್ಲಿ ಕೂತವಳಿಗೆ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು ಬಂದು, ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು.

ಎಂಜಲಿನಿಂದ ಡಿಎನ್‌ಎ ತೆಗೆದು, ಓದಿಸಿ, ಕಂಪ್ಯೂಟರಿಗೆ ಉಣಿಸಿ ಕಾದದ್ದಾಯಿತು. ಅಜ್ಜಿಯನ್ನು ಸೀನದವರ ಸಾಲಿಗೆ ಸೇರಿಸಿದ ಮೇಲೆ ಚಿತ್ರ ಮುಕ್ಕಾಲು ಪಾಲು ತಿಳಿಯಾಯಿತು. ತಾತನಿಂದ ಇಳಿದ ಒಂದು ತುಂಡು ಸೀನುವ ಮಕ್ಕಳು ಮೊಮ್ಮಕ್ಕಳಲ್ಲೆಲ್ಲ ಇತ್ತು. ಆದರೆ ಒಂದು ತೊಡಕು. ಎರಡನೆಯ ಮಗ, ಅಂದರೆ ಮದುಮಗನ ತಂದೆಯ ಹತ್ತಿರವೂ ಆ ತುಂಡಿತ್ತು. ದೀಪದೆದುರು ಅವರು ಕಲ್ಲಿನ ಹಾಗೆ ಕೂತಿದ್ದರು, ಸೀನಿರಲಿಲ್ಲ. ಇನ್ನೊಂದು ಕಡೆ, ಹಿರಿಸೊಸೆ, ಅಂದರೆ ಮದುಮಗನ ದೊಡ್ಡಮ್ಮ, ಹೊರಗಿನಿಂದ ಬಂದವಳು. ಆ ತುಂಡು ಅವಳಲ್ಲಿರಲಿಲ್ಲ, ಆದರೆ ಸೀನು ಮಾತ್ರ ಎಲ್ಲರಿಗಿಂತ ಜೋರು.

"ಒಂದೋ ನಿನ್ನ ತುಂಡು ತಪ್ಪು, ಇಲ್ಲ ಜನ ತಪ್ಪು," ಎಂದರು ಅವಳ ಪ್ರೊಫೆಸರು. "ಟೊಮ್ಯಾಟೊ ಆಗಿದ್ರೆ ಈ ತಾಪತ್ರಯ ಇರ್ತಿರ್ಲಿಲ್ಲ."

ಇದುವರೆಗಿನ ಕೆಲಸವನ್ನು ಮನೆಯವರಿಗೆ ತಿಳಿಸುವುದಾಗಿ ಮೊದಲೇ ಹೇಳಿದ್ದರಿಂದ ಒಂದು ಭಾನುವಾರ ಸಂಶೋಧಕಿ ಹೋದಳು. ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಸ ಸೊಸೆಯಾದ ಅವಳ ಗೆಳತಿ ಕುರ್ಚಿ ಸಿಗದೆ ಗಂಡನ ಪಕ್ಕ ಕಿಟಕಿಯ ಕಟ್ಟೆ ಹತ್ತಿ ಕೂತಿದ್ದಳು.

"ಸೀನು ಒಂದೇ ಕಡೆಯಿಂದ ಬಂದಿದೆ ಅಂತ ಕಾಣತ್ತೆ," ಎಂದು ಸಂಶೋಧಕಿ ಎಚ್ಚರದಿಂದ ಶುರು ಮಾಡಿದಳು. "ಯಾವ ಕಡೆ ಅಂತ ಮಾತ್ರ ಕೇಳ್ಬೇಡಿ."

ಕೇಳದೆ ಬಿಟ್ಟಾರೆಯೇ? ಹಜಾರ ಸಂತೆಯಾಯಿತು. ಆಗ ತಾತ ಕೈ ಎತ್ತಿದರು. ಎಲ್ಲರೂ ಸುಮ್ಮನಾದರು.

"ಒಂದೇ ಕಡೆಯಿಂದ ಅಂದ್ರೆ ಅದು ಇವಳ ಕಡೆಯಿಂದಲೇ," ಎಂದರು ತಾತ. "ನಾನು ಒಪ್ಕೊಳ್ತೀನಿ. ಮದುವೆ ದಿನ ಊರೆಲ್ಲ ನನ್ನ ನೋಡಿ ನಗ್ತಿದ್ದಾಗ ಇವಳೂ ಸೀನಿದ್ಲು. ಅಬ್ಬ, ನನ್ನ ಥರದವಳು ಒಬ್ಬಳಿದ್ದಾಳೆ ಅನ್ನಿಸ್ತು. ಇಷ್ಟು ವರ್ಷ ಸುಮ್ನೆ ವಾದ ಮಾಡ್ದೆ. ಮಕ್ಕಳ ಸೀನು ಇವಳದ್ದೇ ಇರಲಿ. ಬರ್ಕೊಳ್ಳಿ ಮೇಡಂ."

ಅಜ್ಜಿಯ ಮುಖ ಕೆಂಪಾಯಿತು. ಕೂತಲ್ಲೇ ಮಿಸುಕಾಡಿದರು.

"ರೀ, ಸುಮ್ನಿರ್ರೀ!" ಅಜ್ಜಿ ಎದ್ದೇಬಿಟ್ಟರು. "ನಿಮ್ಮ ಸೀನು ನನಗ್ಯಾಕೆ ದಾನ ಮಾಡ್ತೀರಿ? ಅದು ನಿಮ್ಮದೇ. ನಾನು ಜನ್ಮದಲ್ಲಿ ಒಂದು ದಿನ ಬಿಸಿಲಿಗೆ ಸೀನಿದವಳಲ್ಲ. ಅವತ್ತು ನೀವು ಒಬ್ರೇ ಆಗ್ಬಿಟ್ರಲ್ಲ ಅಂತ ಸೀನಿದೆ. ಆಮೇಲೆ ನಿಲ್ಲಿಸೋಕಾಗ್ಲಿಲ್ಲ, ಅಷ್ಟೇ!"

ತಾತ ಕೂತಲ್ಲೇ ಅಜ್ಜಿಯ ಕಡೆ ತಿರುಗಿದರು.

"ಎಲ್ಲಾನೂ? ಒಂದೊಂದೂ?"

"ಒಂದೊಂದೂ."

"ಆಸ್ಪತ್ರೆಯಿಂದ ಮೊದಲ ಮಗು ಎತ್ಕೊಂಡು ಹೊರಗೆ ಬಂದಾಗ?"

"ಹೊಲಿಗೆ ನೋಯ್ತಿತ್ತು. ಆದ್ರೂ ಸೀನಿದೆ."

ಇನ್ನೇನು ಅನಾಹುತ ಆಗುತ್ತದೋ ಎನ್ನುವಷ್ಟರಲ್ಲಿ ಮೂಲೆಯಿಂದ ಸಣ್ಣ ದನಿ ಬಂತು. "ಅತ್ತೆ, ನಾನೂ ಅಷ್ಟೇ." ಹಿರಿಸೊಸೆ! "ಈ ಮನೆಗೆ ಬಂದ ಮೊದಲನೇ ದಿನ ಎಲ್ರೂ ನನ್ನ ಮೂಗನ್ನೇ ನೋಡ್ತಿದ್ರಿ. ಹೆದರ್ಕೊಂಡು ಸೀನಿದೆ. ಜೋರಾಗಿ ಸೀನಿದ್ರೆ ಅನುಮಾನ ಬರಲ್ಲ ಅಂತ..."

"ಅಯ್ಯೋ ನನ್ನ ಕಂದ!" ಎಂದು ಅಜ್ಜಿ ಅವಳನ್ನು ತಬ್ಬಿಕೊಂಡರು. ಈ ಗದ್ದಲದಲ್ಲಿ ಮದುಮಗನ ತಂದೆ ಎದ್ದು ನಿಂತು, ತಪ್ಪು ಮಾಡಿದ ಶಾಲೆಯ ಹುಡುಗನ ಹಾಗೆ ಹೆಂಡತಿಯ ಮುಖ ನೋಡಿದರು.

"ನಾನು ಸೀನ್ತೀನಿ," ಎಂದರು. "ಸೀನೋದು ಅಸಹ್ಯ ಅಂತ ಇವಳು ಹೊಸದರಲ್ಲಿ ಒಂದ್ಸಲ ಅಂದಿದ್ಲು. ಅವತ್ತಿಂದ ನಾಲಿಗೆ ಕಚ್ಚಿ ತಡ್ಕೊಂಡು ಬಂದಿದೀನಿ."

"ನಾನು ಯಾವಾಗ ಅಂದೆ?" ಎಂದು ಹೆಂಡತಿ ಬೆಚ್ಚಿಬಿದ್ದಳು. "ನನಗೆ ನೆನಪೇ ಇಲ್ವಲ್ಲ!"

ತಾತನಿಗೆ ನಗು ಎಲ್ಲಿಂದ ಬಂತೋ, ಭುಜ ಕುಲುಕತೊಡಗಿತು. ಅದು ಹೊಟ್ಟೆಗಿಳಿಯಿತು. ಆಮೇಲೆ ಕನ್ನಡಕ ಬಿತ್ತು. ಅವರ ನಗು ಅಜ್ಜಿಗೆ, ಅಜ್ಜಿಯದು ಸೊಸೆಗೆ ಹತ್ತಿ, ಕಿಟಕಿಯ ಕಟ್ಟೆಯ ಮೇಲಿದ್ದ ಹೊಸ ಸೊಸೆ ಜಾರಿ ಗಂಡನ ಮೇಲೆ ಬಿದ್ದಳು. ನಗದೆ ನಿಂತವಳು ಸಂಶೋಧಕಿ ಒಬ್ಬಳೇ. ಅವಳು ಹಜಾರದ ನಡುವೆ ಎರಡೂ ಕೈ ಮೇಲೆತ್ತಿ ಕೂಗುತ್ತಿದ್ದಳು: "ಯಾರೂ ಮನೆಗೆ ಹೋಗ್ಬೇಡಿ! ಇನ್ಯಾರು ಯಾರು ಸುಳ್ಳು ಸೀನ್ತೀರಿ, ಈಗಲೇ ಹೇಳ್ಬಿಡಿ! ಕಂಬಳಿ ಎಲ್ಲಿದೆ? ದೀಪ ತನ್ನಿ!"

ಮತ್ತೆ ಎಲ್ಲರಿಗೂ ಪರೀಕ್ಷೆಯಾಯಿತು. ಈ ಸಲ ಗುಂಡಿಯ ಸದ್ದು ಕೇಳದ ಹಾಗೆ ಕಿವಿಗೆ ಹತ್ತಿ, ಮೂಗು ಒತ್ತದ ಹಾಗೆ ಕೈ ಮೊಣಕಾಲ ಮೇಲೆ; ದೀಪ ಒಮ್ಮೆ ಹತ್ತಿಸುವುದು, ಒಮ್ಮೆ ಹತ್ತಿಸದೆ ಬಿಡುವುದು. ಮದುಮಗನ ತಂದೆ ಬೆಳಕು ಬಿದ್ದದ್ದೇ ತಡ, ಅಣೆಕಟ್ಟು ಒಡೆದ ಹಾಗೆ ಸೀನಿ ಸೀನಿ ಸುಸ್ತಾಗಿ, "ಆಹಾ!" ಎಂದು ಕುರ್ಚಿಗೊರಗಿದರು. ಬಾಗಿಲ ಬಳಿ ನಿಂತಿದ್ದ ಹೆಂಡತಿ ಚಪ್ಪಾಳೆ ತಟ್ಟಿದಳು.

ಹೊಸ ಲೆಕ್ಕ ಹಾಕಿದ ದಿನ ಪರದೆಯ ಮೇಲೆ ಒಂದೇ ಕಡೆ, ತಾತನ ಆ ತುಂಡಿನ ಜಾಗದಲ್ಲೇ, ಗೆರೆ ಶಿಖರದ ಹಾಗೆ ನೆಟ್ಟಗೆ ಎದ್ದು ನಿಂತಿತು. ಸಂಶೋಧಕಿ ಕಿರುಚಿದ ರಭಸಕ್ಕೆ ಕೆಳಗಿನ ಮಹಡಿಯಿಂದ ಟೊಮ್ಯಾಟೊದವರು ಬೆಂಕಿ ಬಿತ್ತೆಂದು ಮಣ್ಣಿನ ಕೈಯಲ್ಲೇ ಓಡಿಬಂದರು. ಪ್ರೊಫೆಸರು ಪರದೆಯನ್ನು ಒಮ್ಮೆ, ಅವಳನ್ನು ಒಮ್ಮೆ ನೋಡಿ, ಅವಳ ಕೈ ಹಿಡಿದು ಗಿರಕಿ ಹೊಡೆದರು. ಮೀನಿನವರೂ ಟೊಮ್ಯಾಟೊದವರೂ ಕಾರಿಡಾರಿನಲ್ಲಿ ಕುಣಿದರು. ಯಾಕೆಂದು ಅರ್ಧದಷ್ಟು ಜನಕ್ಕೆ ಗೊತ್ತಿರಲಿಲ್ಲ.

ಸುದ್ದಿ ತಿಳಿದು ತಾತ ಅಜ್ಜಿ ಸಂಶೋಧನಾಲಯ ನೋಡಲು ಬಂದರು. ಈಗ ಮುಚ್ಚಿಡುವಂಥದ್ದು ಏನೂ ಉಳಿದಿರಲಿಲ್ಲ. ತಮ್ಮದನ್ನು ತೋರಿಸಲು ಇಬ್ಬರೂ ಒಪ್ಪಿದರು. ಸಂಶೋಧಕಿ ತಾತನ ತುಂಡನ್ನು ಪರದೆಯ ಮೇಲೆ ತೆರೆದಳು. ಡಿಎನ್‌ಎ ಬರೆಯುವ ಅಕ್ಷರಗಳ ಸಾಲು, ಅದೇ ನಾಲ್ಕು ಅಕ್ಷರ, ಮುಗಿಯದ ಸಾಲು.

"ಇದರಲ್ಲಿ ಯಾವುದು?" ಎಂದರು ತಾತ.

"ಇದರಲ್ಲೇ ಎಲ್ಲೋ ಇದೆ ತಾತ. ಯಾವುದು ಅಂತ ಇನ್ನೂ ಹುಡುಕ್ಬೇಕು."

"ಇಷ್ಟಕ್ಕಾ ನಾವು ಇಷ್ಟು ಕಚ್ಚಾಡಿದ್ದು?" ಅವರಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು. ಮೂಗು ಉಜ್ಜಿಕೊಂಡರು. "ಎಲ್ಲಿ, ಇವಳದ್ದು ತೋರಿಸಿ."

"ನನ್ನದರಲ್ಲಿ ನೋಡೋಕೆ ಏನಿದೆ? ಅಲ್ಲಿ ಸೀನಿಲ್ಲ," ಎಂದರು ಅಜ್ಜಿ.

"ತೋರಿಸಮ್ಮ ನೀನು."

ಸಂಶೋಧಕಿ ತೆರೆದಳು. ತಾತ ಕನ್ನಡಕ ಒರೆಸಿ ಹಾಕಿಕೊಂಡು, ಕುರ್ಚಿಯನ್ನು ಮುಂದಕ್ಕೆಳೆದು, ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸುತ್ತ ಓದತೊಡಗಿದರು. ಅಜ್ಜಿ "ಸಾಕು ಏಳ್ರೀ, ಆ ಹುಡುಗಿಗೆ ಬೇರೆ ಕೆಲಸ ಇಲ್ವಾ" ಎಂದು ಭುಜ ತಟ್ಟಿದರೂ ಏಳಲಿಲ್ಲ.